ಪೊಲೀಸರಿಲ್ಲದ ಕಾನೂನು ಕಾನೂನಾದೀತೇ? ಅಂತರರಾಷ್ಟ್ರೀಯ ಕಾನೂನಿನ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಅಂತಿಮ ವರ್ಷದ ಕಾನೂನು ವಿದ್ಯಾರ್ಥಿನಿ, ತುಮಕೂರು):

ಮೇಡಂ, ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಇತ್ತೀಚೆಗೆ ನಡೆದ ಚರ್ಚೆಯಲ್ಲಿ ಹೆಚ್ಚಿನವರು ಅಂತರರಾಷ್ಟ್ರೀಯ ಕಾನೂನು ಕಾನೂನೇ ಅಲ್ಲ, ಬಲಿಷ್ಠ ರಾಷ್ಟ್ರಗಳು ಬೇಕಾದಾಗ ಹಿಡಿದು ಬೇಡವಾದಾಗ ಬಿಡುವ ನೀತಿಮಾತು ಮಾತ್ರ ಎಂದು ವಾದಿಸಿದರು. ಉಕ್ರೇನಿನಲ್ಲಿ ಸೈನಿಕ ಕಾರ್ಯಾಚರಣೆಯನ್ನು ತಡೆಹಿಡಿಯಬೇಕೆಂದು 2022ರ ಮಾರ್ಚ್ 16ರಂದು ಹೇಗ್‌ನಲ್ಲಿರುವ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ನ್ಯಾಯಾಲಯ 13–2ರ ಬಹುಮತದಿಂದ ಆದೇಶಿಸಿದರೂ ರಷ್ಯಾ ನಿಲ್ಲಿಸಲಿಲ್ಲ ಎಂಬುದು ಅವರ ಮುಖ್ಯ ಸಾಕ್ಷ್ಯವಾಗಿತ್ತು. ಕಾನೂನು ಮಾಡುವ ಶಾಸನಸಭೆಯಿಲ್ಲ, ಜಾರಿ ಮಾಡುವ ಪೊಲೀಸರಿಲ್ಲ, ಒಲ್ಲೆನೆಂದವರನ್ನು ಕರೆಸಿಕೊಳ್ಳುವ ಅಧಿಕಾರವುಳ್ಳ ನ್ಯಾಯಾಲಯವೂ ಇಲ್ಲ. ಹೀಗಿರುವಾಗ ಇದನ್ನು ಕಾನೂನೆಂದು ಹೇಗೆ ಕರೆಯುವುದು? ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ (ವಕೀಲರು, ತುಮಕೂರು):

ನಿಮ್ಮ ಸಹಪಾಠಿಗಳ ವಾದಕ್ಕೆ ದೊಡ್ಡ ವಂಶಾವಳಿಯೇ ಇದೆ. ಕಾನೂನೆಂದರೆ ಪ್ರಭುವಿನ ಆಜ್ಞೆ, ಮೀರಿದವರಿಗೆ ದಂಡನೆ ಕಾದಿರಬೇಕು ಎಂದು ಬ್ರಿಟನ್ನಿನ ಕಾನೂನು ತತ್ತ್ವಜ್ಞ ಜಾನ್ ಆಸ್ಟಿನ್ 1832ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ಹೇಳಿದ. ರಾಷ್ಟ್ರಗಳ ಮೇಲೆ ಅಂಥ ಪ್ರಭು ಯಾರೂ ಇಲ್ಲದ ಕಾರಣ ಅಂತರರಾಷ್ಟ್ರೀಯ ಕಾನೂನನ್ನು ಆತ ಕಾನೂನಿನ ಸಾಲಿನಿಂದ ತೆಗೆದು ನೀತಿಯ ಸಾಲಿಗೆ ಸೇರಿಸಿದ. ಆದರೆ ಇದೇ ಅಳತೆಗೋಲನ್ನು ನಮ್ಮ ದೇಶದ ಕಾನೂನಿಗೇ ಹಿಡಿದು ನೋಡಿ. ಉಯಿಲು ಬರೆಯುವುದು ಹೇಗೆಂದು ತಿಳಿಸುವ ಕಾನೂನು ಯಾರಿಗೂ ಆಜ್ಞೆ ಮಾಡುವುದಿಲ್ಲ, ಬರೆಯದವರನ್ನು ದಂಡಿಸುವುದೂ ಇಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುವ ಸಂವಿಧಾನದ 14ನೇ ವಿಧಿ ಸ್ವತಃ ಸರ್ಕಾರವನ್ನೇ ಕಟ್ಟಿಹಾಕುತ್ತದೆ, ಆದರೆ ಅದನ್ನು ಮೀರಿದ ಸರ್ಕಾರವನ್ನು ಹಿಡಿದು ಜೈಲಿಗೆ ಹಾಕುವ ಮತ್ತೊಂದು ಸರ್ಕಾರ ನಮ್ಮಲ್ಲಿಲ್ಲ.

ನಮ್ಮ ಜಿಲ್ಲೆಯಲ್ಲಿ ವಕೀಲಿಕೆ ಮಾಡುವವರಿಗೆ ಇದು ಪುಸ್ತಕದ ಮಾತಲ್ಲ. ಭೂಸ್ವಾಧೀನದ ಹೆಚ್ಚುವರಿ ಪರಿಹಾರಕ್ಕೆ ಡಿಕ್ರಿಯಾಗಿ ವರ್ಷಗಳಾದರೂ ಸರ್ಕಾರ ಹಣ ಕಟ್ಟದಿದ್ದಾಗ, ಡಿಕ್ರಿಯನ್ನು ಜಾರಿ ಮಾಡಿಸಲು ರೈತರು ಹಾಕಿದ ಅಮಲ್ಜಾರಿ ಅರ್ಜಿಯ ಮೇಲೆ ನ್ಯಾಯಾಲಯದ ಅಮೀನರು ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗಿ ಜೀಪು, ಕಂಪ್ಯೂಟರ್, ಕುರ್ಚಿಗಳನ್ನು ಜಪ್ತಿ ಮಾಡಿದ ಸುದ್ದಿಯನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಆ ಅಮೀನರ ಹಿಂದೆ ಯಾವ ಸೈನ್ಯವಿದೆ? ಬೇಕಾದರೆ ರಕ್ಷಣೆಗೆ ಬರುವ ಪೊಲೀಸರೂ ಅದೇ ಸರ್ಕಾರದ ನೌಕರರೇ. ಆದರೂ ಜೀಪು ಹೊರಗೆ ಬರುತ್ತದೆ, ಕೊನೆಗೆ ಹಣವೂ ಬರುತ್ತದೆ. ಡಿಕ್ರಿ ತನ್ನನ್ನು ಕಟ್ಟುತ್ತದೆಂದು ಸರ್ಕಾರ ಒಪ್ಪಿಕೊಂಡಿರುವುದೇ ಇದಕ್ಕೆ ಕಾರಣ. ದಂಡನೆಯ ಭಯಕ್ಕಿಂತ ಹೆಚ್ಚಾಗಿ, ಒಂದು ನಿಯಮವನ್ನು ತಮ್ಮ ನಡೆಯ ಅಳತೆಯೆಂದು ಅದಕ್ಕೆ ಒಳಪಟ್ಟವರು ಒಪ್ಪಿಕೊಳ್ಳುವುದರಲ್ಲಿ ಕಾನೂನಿನ ಜೀವವಿದೆ ಎಂದು 1961ರಲ್ಲಿ ಬ್ರಿಟನ್ನಿನ ಇನ್ನೊಬ್ಬ ಕಾನೂನು ತತ್ತ್ವಜ್ಞ ಎಚ್. ಎಲ್. ಎ. ಹಾರ್ಟ್ ಆಸ್ಟಿನ್‌ಗೆ ಕೊಟ್ಟ ಉತ್ತರದ ತಿರುಳೂ ಇದೇ. ಅಂತರರಾಷ್ಟ್ರೀಯ ಕಾನೂನು ದೇಶದೊಳಗಿನ ಕಾನೂನಿನಷ್ಟು ಬೆಳೆದ ವ್ಯವಸ್ಥೆಯಲ್ಲವೆಂದು ಹಾರ್ಟ್ ಕೂಡ ಒಪ್ಪಿದ್ದರು. ಬೆಳೆದಿಲ್ಲ ಎನ್ನುವುದೂ ಇಲ್ಲವೇ ಇಲ್ಲ ಎನ್ನುವುದೂ ಒಂದೇ ಅಲ್ಲ.

ಹಾಗಾದರೆ ರಾಷ್ಟ್ರಗಳು ಹೀಗೆ ಒಪ್ಪಿಕೊಂಡಿವೆಯೇ? ಅಂತರರಾಷ್ಟ್ರೀಯ ನ್ಯಾಯಾಲಯ ಯಾವುದನ್ನು ನೋಡಿ ತೀರ್ಪು ಕೊಡಬೇಕೆಂದು ಅದರ ಶಾಸನದ 38ನೇ ವಿಧಿ ಹೇಳುತ್ತದೆ: ಒಪ್ಪಂದಗಳು, ರಾಷ್ಟ್ರಗಳು ಕಾನೂನೆಂದೇ ತಿಳಿದು ನಡೆದುಕೊಂಡು ಬಂದ ರೂಢಿ, ಎಲ್ಲ ದೇಶಗಳ ನ್ಯಾಯಪದ್ಧತಿಗಳಲ್ಲಿ ಸಾಮಾನ್ಯವಾದ ತತ್ತ್ವಗಳು, ಇವುಗಳಿಗೆ ಸಹಾಯಕವಾಗಿ ಹಿಂದಿನ ತೀರ್ಪುಗಳು ಮತ್ತು ವಿದ್ವಾಂಸರ ಬರಹಗಳು. ಶಾಸನಸಭೆ ಇಲ್ಲದಿದ್ದರೂ ಕಾನೂನನ್ನು ಗುರುತಿಸುವ ದಾರಿಯಿದೆ. ನಿಮ್ಮ ಸರ್ಟಿಫಿಕೇಟುಗಳಿಗೆ ಅಪೋಸ್ಟಿಲ್ ಎಂಬ ಸರ್ಕಾರಿ ದೃಢೀಕರಣದ ಮುದ್ರೆ ಹಾಕಿಸಿದರೆ ಅವು ಫ್ರಾನ್ಸಿನಲ್ಲೋ ಬ್ರಿಟನ್ನಿನಲ್ಲೋ ಸ್ವೀಕೃತವಾಗುವುದು ಒಂದು ಒಪ್ಪಂದದ ಬಲದಿಂದಲೇ. ಆ ಒಪ್ಪಂದ 1961ರದು, ಭಾರತಕ್ಕೆ ಅನ್ವಯವಾದದ್ದು 2005ರಿಂದ. ದೇವನಹಳ್ಳಿಯಿಂದ ಹಾರಿದ ವಿಮಾನ ಹಲವು ದೇಶಗಳ ಆಕಾಶವನ್ನು ದಾಟಿ ಹೋಗುವುದು 1944ರ ಷಿಕಾಗೊ ಒಪ್ಪಂದದ ಮೇಲೆ ಕಟ್ಟಿದ ವ್ಯವಸ್ಥೆಯಿಂದ. ಒಂದು ದೇಶದ ಅಂಚೆಯನ್ನು ಇನ್ನೊಂದು ದೇಶ ಹಂಚುವುದರ ಹಿಂದೆ 1874ರಷ್ಟು ಹಳೆಯ ಅಂಚೆ ಒಕ್ಕೂಟವಿದೆ. ಇಂಥ ಕಡೆ ಕಾನೂನು ಪಾಲನೆಯಾಗುವುದು ಸುದ್ದಿಯಾಗುವುದಿಲ್ಲ, ಮುರಿದುಬಿದ್ದಾಗ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ಇನ್ನು ಉಕ್ರೇನಿನ ವಿಷಯ. ರಷ್ಯಾ ಆದೇಶವನ್ನು ಪಾಲಿಸಲಿಲ್ಲ, ಅದನ್ನು ಮೃದುಮಾಡಿ ಹೇಳಲು ನನಗೆ ಇಷ್ಟವಿಲ್ಲ. ಆದರೆ ಆಗ ರಷ್ಯಾ ಏನು ಹೇಳಿತೆಂಬುದನ್ನೂ ಗಮನಿಸಿ. ತನ್ನನ್ನು ಯಾವ ಕಾನೂನೂ ಕಟ್ಟುವುದಿಲ್ಲ ಎಂದು ಅದು ಹೇಳಲಿಲ್ಲ, ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿಯ ಆತ್ಮರಕ್ಷಣೆಯ ಹಕ್ಕು ತನಗಿದೆ ಎಂದಿತು. ಆ ಸಮರ್ಥನೆ ಸುಳ್ಳೆಂದು ನಾನು ನಂಬುತ್ತೇನೆ. ಆದರೆ ಸುಳ್ಳು ಸಮರ್ಥನೆಯನ್ನಾದರೂ ಕೊಡಬೇಕಾಗಿ ಬಂದದ್ದೇ ನಿಯಮ ಇದೆ ಎಂಬುದಕ್ಕೆ ಸಾಕ್ಷಿ. ನಿಕರಾಗುವಾ ದೇಶವು ಅಮೆರಿಕದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 1986ರಲ್ಲೇ ನ್ಯಾಯಾಲಯ ಇದನ್ನು ಹೇಳಿತ್ತು. ನಿಯಮ ಮೀರಿದ ರಾಷ್ಟ್ರ ಆ ನಿಯಮದೊಳಗಿನ ವಿನಾಯಿತಿಗಳನ್ನೇ ತೋರಿಸಿ ತನ್ನನ್ನು ಸಮರ್ಥಿಸಿಕೊಂಡರೆ, ಅದರಿಂದ ನಿಯಮ ದುರ್ಬಲವಾಗುವುದಿಲ್ಲ, ಗಟ್ಟಿಯಾಗುತ್ತದೆ.

ಮರುಪ್ರಶ್ನೆ (ನಿವೃತ್ತ ಶಿಕ್ಷಕರು, ತಿಪಟೂರು):

ವಕೀಲರೇ, ನಿಮ್ಮ ವಿವರಣೆ ಓದಿದೆ. ಆದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಐದು ರಾಷ್ಟ್ರಗಳಿಗೆ ವೀಟೊ, ಅಂದರೆ ಯಾವ ನಿರ್ಣಯವನ್ನೂ ತಡೆಯುವ ಅಧಿಕಾರ ಇದೆ. ನೀವು ಹೇಳಿದ ನಿಕರಾಗುವಾ ಪ್ರಕರಣದಲ್ಲಿ ಸೋತ ಅಮೆರಿಕ ತೀರ್ಪನ್ನು ಪಾಲಿಸಿತೇ? ದಕ್ಷಿಣ ಚೀನಾ ಸಮುದ್ರದ ಬಗ್ಗೆ 2016ರಲ್ಲಿ ಬಂದ ತೀರ್ಪನ್ನು ಚೀನಾ ಒಪ್ಪಿತೇ? ಬಡವನಿಗೆ ಒಂದು, ಬಲ್ಲಿದನಿಗೆ ಒಂದು ಎಂದಾದರೆ ಅದನ್ನು ಕಾನೂನೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಉತ್ತರ:

ಮೇಷ್ಟ್ರೇ, ಅಂತರರಾಷ್ಟ್ರೀಯ ಕಾನೂನಿನ ಮೇಲಿರುವ ಆಕ್ಷೇಪಗಳಲ್ಲೆಲ್ಲ ಗಟ್ಟಿಯಾದದ್ದು ಇದೇ. ಅಮೆರಿಕ ತೀರ್ಪನ್ನು ಪಾಲಿಸಲಿಲ್ಲ. ತೀರ್ಪು ಜಾರಿಯಾಗದಿದ್ದರೆ ಭದ್ರತಾ ಮಂಡಳಿಗೆ ದೂರು ಕೊಡಲು ಸನ್ನದಿನ 94ನೇ ವಿಧಿ ಅವಕಾಶ ಕೊಟ್ಟಿದೆ. ನಿಕರಾಗುವಾ ಅಲ್ಲಿಗೂ ಹೋಯಿತು, ಅದೇ ವರ್ಷ ಅಮೆರಿಕ ತನ್ನ ವಿರುದ್ಧದ ನಿರ್ಣಯಕ್ಕೆ ತಾನೇ ವೀಟೊ ಹಾಕಿತು. ಪ್ರತಿವಾದಿಯೇ ಅಮಲ್ಜಾರಿ ನ್ಯಾಯಾಲಯದ ಪೀಠದಲ್ಲಿ ಕುಳಿತಂಥ ಈ ಏರ್ಪಾಡನ್ನು ನಾನು ಸಮರ್ಥಿಸಲಾರೆ, ಸಮರ್ಥಿಸುವವರನ್ನು ಕಂಡರೆ ನನಗೆ ಬೇಸರವೂ ಆಗುತ್ತದೆ.

ಆದರೆ ನಮ್ಮ ದೇಶದ ನಡತೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ತನ್ನ ನೌಕಾಪಡೆಯ ವಿಮಾನವನ್ನು ಭಾರತ ಹೊಡೆದುರುಳಿಸಿತೆಂದು ಪಾಕಿಸ್ತಾನ ಹೂಡಿದ ಮೊಕದ್ದಮೆಯಲ್ಲಿ, ಕಾಮನ್‌ವೆಲ್ತ್ ದೇಶಗಳೊಂದಿಗಿನ ವ್ಯಾಜ್ಯಗಳಿಗೆ ನಾವು ಈ ನ್ಯಾಯಾಲಯದ ಅಧಿಕಾರವನ್ನು ಒಪ್ಪಿಲ್ಲವೆಂದು ಭಾರತ ತಕರಾರು ಸಲ್ಲಿಸಿತು. 2000ನೇ ಇಸವಿಯ ಜೂನ್‌ನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿದು, ವಿಚಾರಣೆಯ ಅಧಿಕಾರ ತನಗಿಲ್ಲವೆಂದು ಹೇಳಿತು. ರಾಷ್ಟ್ರದ ಸಮ್ಮತಿಯಿಲ್ಲದೆ ಈ ನ್ಯಾಯಾಲಯ ಯಾರನ್ನೂ ವಿಚಾರಿಸಲಾರದು. ಈ ಮಿತಿಯ ಆಸರೆಯನ್ನು ದೊಡ್ಡ ರಾಷ್ಟ್ರಗಳಷ್ಟೇ ಅಲ್ಲ, ನಾವೂ ಪಡೆದಿದ್ದೇವೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪ್ರಕರಣ ನಮ್ಮಲ್ಲಿ ಹೆಚ್ಚು ಪ್ರಚಾರ ಪಡೆಯಲಿಲ್ಲ. ಬಂಗಾಳ ಕೊಲ್ಲಿಯ ಗಡಿಯ ಬಗ್ಗೆ ಬಾಂಗ್ಲಾದೇಶ ನಮ್ಮನ್ನು ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿಯ ಮುಂದೆ ಎಳೆಯಿತು. 2014ರ ಜುಲೈನಲ್ಲಿ ಬಂದ ತೀರ್ಪು, ವ್ಯಾಜ್ಯದಲ್ಲಿದ್ದ 25,602 ಚದರ ಕಿಲೋಮೀಟರ್ ಸಮುದ್ರದಲ್ಲಿ 19,467 ಚದರ ಕಿಲೋಮೀಟರನ್ನು ಬಾಂಗ್ಲಾದೇಶಕ್ಕೆ ಕೊಟ್ಟಿತು. ಭಾರತದ ನೌಕಾಪಡೆಯ ಮುಂದೆ ಬಾಂಗ್ಲಾದ ಬಲ ಎಷ್ಟೆಂದು ನಿಮಗೆ ಗೊತ್ತು. ಆದರೂ ಭಾರತ ಆ ತೀರ್ಪನ್ನು ಒಪ್ಪಿಕೊಂಡಿತು. ಬಲವೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ಹೀಗಾಗಬಾರದಿತ್ತು. ಈ ವಿಷಯದಲ್ಲಿ ಭಾರತ ನಡೆದುಕೊಂಡ ರೀತಿಗೆ ನನಗೆ ನಿಜವಾಗಿ ಹೆಮ್ಮೆಯಿದೆ.

ನೀವು ತಿಪಟೂರಿನವರಾದ್ದರಿಂದ ವ್ಯಾಪಾರದ ಕಡೆಯ ಉದಾಹರಣೆಯೊಂದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ವಿಶ್ವ ವ್ಯಾಪಾರ ಸಂಸ್ಥೆಗೆ ದಾರಿಮಾಡಿದ ಗ್ಯಾಟ್ ವ್ಯಾಪಾರ ಒಪ್ಪಂದ ಮತ್ತು ಅದರ ಮಾತುಕತೆಯ ಕರಡಾದ ಡಂಕೆಲ್ ಪ್ರಸ್ತಾವದ ವಿರುದ್ಧ ರಾಜ್ಯ ರೈತ ಸಂಘ 1990ರ ದಶಕದಲ್ಲಿ ನಡೆಸಿದ ಹೋರಾಟ ನಿಮ್ಮ ನೆನಪಿನಲ್ಲಿ ಇದ್ದೇ ಇರುತ್ತದೆ. ಆ ಕಾಗದಗಳಿಗೆ ಕಟ್ಟುವ ಶಕ್ತಿ ಇರದಿದ್ದರೆ ಸಾವಿರಾರು ರೈತರು ಬೀದಿಗಿಳಿಯುವ ಅಗತ್ಯವೇ ಇರಲಿಲ್ಲ. ಅವರ ಭಯಕ್ಕೆ ಆಧಾರವಿತ್ತೆಂದು ಮುಂದಿನ ಘಟನೆಗಳು ತೋರಿಸಿದವು. ಔಷಧಿ ಮತ್ತು ಕೃಷಿ ರಾಸಾಯನಿಕಗಳ ಪೇಟೆಂಟ್ ಅರ್ಜಿಗಳನ್ನು ಸ್ವೀಕರಿಸಲು ಭಾರತ ಸರಿಯಾದ ಕಾನೂನು ಮಾಡಿಲ್ಲವೆಂದು ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 1997ರಲ್ಲಿ ಭಾರತದ ವಿರುದ್ಧ ತೀರ್ಮಾನವಾಗಿ, 1999ರಲ್ಲಿ ನಮ್ಮ ಸಂಸತ್ತು ಪೇಟೆಂಟ್ ಕಾಯ್ದೆಯನ್ನು ತಿದ್ದಿತು. ಆಮದಿನ ಪರಿಮಾಣದ ಮೇಲಿದ್ದ ನಿರ್ಬಂಧಗಳ ವಿಷಯದಲ್ಲೂ 1999ರಲ್ಲಿ ಭಾರತ ಸೋತಿತು. ಉಳಿದಿದ್ದ ಕೊನೆಯ 715 ವಸ್ತುಗಳ ಮೇಲಿನ ನಿರ್ಬಂಧ 2001ರ ಏಪ್ರಿಲ್ 1ರಂದು ಹೋಯಿತು, ಅವುಗಳಲ್ಲಿ ಕೃಷಿ ಉತ್ಪನ್ನಗಳೂ ಇದ್ದವು. ಯಾವ ಸೈನ್ಯವೂ ದೆಹಲಿಗೆ ಬಂದು ಇದನ್ನು ಮಾಡಿಸಲಿಲ್ಲ. ಪಾಲಿಸದಿದ್ದರೆ ಎದುರು ಪಕ್ಷ ನಮ್ಮ ರಫ್ತಿನ ಮೇಲೆ ಅಧಿಕೃತವಾಗಿಯೇ ಹೆಚ್ಚುವರಿ ಸುಂಕ ಹಾಕಬಹುದೆಂಬ ವ್ಯವಸ್ಥೆಯಷ್ಟೇ ಇತ್ತು. ದಂಡನೆ ಎನ್ನುವುದು ಇಲ್ಲಿ ಪೊಲೀಸರ ರೂಪದಲ್ಲಿಲ್ಲ, ವಾದಿಯ ಕೈಗೇ ಸಿಗುವ ಪ್ರತಿಕ್ರಮದ ರೂಪದಲ್ಲಿದೆ.

ಪೇಟೆಂಟುಗಳ ಕುರಿತ ಅದೇ ವಿಶ್ವ ವ್ಯಾಪಾರ ಒಪ್ಪಂದದೊಳಗೆ ನಮಗೆ ಉಳಿದಿದ್ದ ಜಾಗವನ್ನೂ ಹೇಳಬೇಕು. ಸಸ್ಯ ತಳಿಗಳಿಗೆ ಪೇಟೆಂಟನ್ನೇ ಕೊಡಬೇಕೆಂದಿಲ್ಲ, ಪರಿಣಾಮಕಾರಿಯಾದ ಸ್ವಂತದ ವ್ಯವಸ್ಥೆ ಮಾಡಿಕೊಂಡರೂ ಸಾಕು ಎಂದು ಅದರಲ್ಲಿತ್ತು. ಭಾರತ ಈ ದಾರಿಯನ್ನು ಹಿಡಿದು 2001ರಲ್ಲಿ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮಾಡಿತು. ರಕ್ಷಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಬ್ರ್ಯಾಂಡಿನ ಹೆಸರು ಹಾಕದೆ ಮಾರಲೂಬಹುದು ಎಂದು ಅದರ 39ನೇ ಕಲಮು ಹೇಳುತ್ತದೆ. ರೈತ ಚಳವಳಿಯ ಒತ್ತಡವಿಲ್ಲದೆ ಆ ಕಲಮು ಹೀಗೆ ಬರುತ್ತಿರಲಿಲ್ಲ ಎಂಬುದು ನನ್ನ ದೃಢ ನಂಬಿಕೆ. ಅಂತರರಾಷ್ಟ್ರೀಯ ಕಾನೂನನ್ನು ಕಾನೂನಲ್ಲವೆಂದು ತಳ್ಳಿಹಾಕಿದವರಿಗೆ ಅದರೊಳಗಿನ ಇಂಥ ಅವಕಾಶಗಳು ಕಾಣುವುದಿಲ್ಲ. ಬಡ ರಾಷ್ಟ್ರಗಳಿಗೆ ಇದರಿಂದ ಆಗುವ ನಷ್ಟ ದೊಡ್ಡದು.

ವ್ಯಾಪಾರ ವ್ಯಾಜ್ಯಗಳನ್ನು ತೀರ್ಮಾನಿಸುವ ಆ ವ್ಯವಸ್ಥೆಯೂ ಈಗ ಸೊರಗಿದೆ. ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆದ ಕಾರಣ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಿಂದ ಹೊಸ ಮೇಲ್ಮನವಿಗಳನ್ನು ಆಲಿಸಲಾಗದೆ ನಿಂತಿತು. ಸೋತವರು ಇಲ್ಲದ ಪೀಠಕ್ಕೆ ಮೇಲ್ಮನವಿ ಹಾಕಿ ತೀರ್ಪನ್ನು ತೂಗುಹಾಕುವ ಪರಿಪಾಠ ಬೆಳೆಯಿತು. ಸಕ್ಕರೆ ಸಬ್ಸಿಡಿ ವ್ಯಾಜ್ಯದಲ್ಲಿ ಭಾರತವೂ ಹೀಗೆಯೇ ಮಾಡಿತು. ಕಬ್ಬು ಬೆಳೆಗಾರರ ಹಿತ ಏನೇ ಇರಲಿ, ಕಾನೂನಿನ ದೃಷ್ಟಿಯಿಂದ ಇದು ಒಳ್ಳೆಯ ಬೆಳವಣಿಗೆಯಲ್ಲ.

ಮರುಪ್ರಶ್ನೆ (ಕಿರಿಯ ವಕೀಲರು, ಕುಣಿಗಲ್):

ಮೇಡಂ, ಇದೆಲ್ಲ ದೆಹಲಿ ಮತ್ತು ಹೇಗ್‌ನ ಮಾತಾಯಿತು. ನಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ಕುಳಿತವರಿಗೆ ಇದರಿಂದ ಏನಾದರೂ ಉಪಯೋಗವಿದೆಯೇ? ನ್ಯಾಯಾಧೀಶರ ಮುಂದೆ ಒಂದು ಅಂತರರಾಷ್ಟ್ರೀಯ ಒಪ್ಪಂದವನ್ನು ಹಿಡಿದುಕೊಂಡು ಹೋದರೆ ಕೇಳುತ್ತಾರೆಯೇ?

ಉತ್ತರ:

ಒಪ್ಪಂದವನ್ನು ಮಾತ್ರ ಹಿಡಿದುಕೊಂಡು ಹೋದರೆ ಕೇಳುವುದಿಲ್ಲ. ಕೇಂದ್ರ ಸರ್ಕಾರ ಸಹಿ ಹಾಕಿದ ಕೂಡಲೇ ಒಪ್ಪಂದವೊಂದು ನಮ್ಮ ನ್ಯಾಯಾಲಯಗಳಲ್ಲಿ ಜಾರಿಯಾಗುವ ಕಾನೂನಾಗುವುದಿಲ್ಲ. ಸಾಮಾನ್ಯವಾಗಿ ಸಂವಿಧಾನದ 253ನೇ ವಿಧಿಯಡಿ ಸಂಸತ್ತು ಅದಕ್ಕೊಂದು ಕಾಯ್ದೆ ಮಾಡಬೇಕು. ಆದರೆ ಅಂತರರಾಷ್ಟ್ರೀಯ ಕಾನೂನಿಗೆ ಗೌರವ ಬೆಳೆಸಬೇಕೆಂದು 51ನೇ ವಿಧಿಯೂ ಇದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಮುಂದೆ ಅದೇ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರೆಂಬುದು ನಮ್ಮ ಕಿರಿಯ ವಕೀಲರು ತಿಳಿದಿರಬೇಕಾದ ಸಂಗತಿ. ದೇಶದ ಶಾಸನ ಸ್ಪಷ್ಟವಾಗಿ ವಿರುದ್ಧವಾಗಿಲ್ಲದಿದ್ದರೆ ಅಂತರರಾಷ್ಟ್ರೀಯ ಕಾನೂನಿನ ನಿಯಮಗಳು ನಮ್ಮ ಕಾನೂನಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಗ್ರಾಮಫೋನ್ ಕಂಪನಿ ಪ್ರಕರಣದಲ್ಲಿ ಹೇಳಿತು. ನೇಪಾಳಕ್ಕೆ ಹೋಗುತ್ತಿದ್ದ ನಕಲಿ ಕ್ಯಾಸೆಟ್ಟುಗಳನ್ನು ಕಲ್ಕತ್ತ ಬಂದರಿನಲ್ಲಿ ತಡೆಯಬಹುದೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು.

ನಿಮ್ಮ ದಿನದಿನದ ಕೆಲಸಕ್ಕೆ ಬರುವ ತೀರ್ಪು ಬೇರೊಂದಿದೆ. ಹಣದ ಡಿಕ್ರಿಯ ಅಮಲ್ಜಾರಿಯಲ್ಲಿ ಸಾಲಗಾರನನ್ನು ಸಿವಿಲ್ ಜೈಲಿಗೆ ಕಳಿಸಲು ಅರ್ಜಿ ಬಂದಾಗ, ಅವನಿಗೆ ಹಣ ಕಟ್ಟುವ ಶಕ್ತಿಯಿದೆಯೇ ಎಂದು ವಿಚಾರಣೆಯಾಗಲಿ ಎಂದು ನಾವು ಕೇಳುತ್ತೇವಲ್ಲ, ಆಗ ನಾವು ಉಲ್ಲೇಖಿಸುವುದು 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪನ್ನು. ಕರಾರಿನಿಂದ ಬಂದ ಸಾಲವನ್ನು ತೀರಿಸಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸೆರೆಗೆ ಹಾಕಬಾರದೆಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 11ನೇ ವಿಧಿ ಹೇಳುತ್ತದೆ. ಭಾರತ ಅದನ್ನು ಒಪ್ಪಿದ್ದು 1979ರಲ್ಲಿ. ಒಡಂಬಡಿಕೆ ನೇರವಾಗಿ ಜಾರಿಯಾಗದೆಂದು ಒಪ್ಪಿಕೊಂಡೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅದನ್ನು ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯ ಜೊತೆಗಿಟ್ಟು ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಕಲಮನ್ನು ಓದಿದರು. ಬಡತನದಿಂದ ಕಟ್ಟಲಾಗದವನನ್ನು ಜೈಲಿಗೆ ಕಳಿಸುವಂತಿಲ್ಲ, ಕಟ್ಟುವ ಶಕ್ತಿಯಿದ್ದೂ ದುರುದ್ದೇಶದಿಂದ ತಪ್ಪಿಸಿಕೊಳ್ಳುವವನಿಗೆ ಮಾತ್ರ ಆ ಕಲಮು ಎಂದರು. ಬಾಕಿ ಕಟ್ಟಲಾಗದ ರೈತನೊಬ್ಬ ತಾಲ್ಲೂಕು ನ್ಯಾಯಾಲಯದಿಂದ ಜೈಲಿಗೆ ಹೋಗದೆ ಮನೆಗೆ ಹಿಂದಿರುಗುವುದರ ಹಿಂದೆ ಆ ಒಡಂಬಡಿಕೆಯ ಪಾಲೂ ಇದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ಬಗ್ಗೆ ಯಾವ ಕಾಯ್ದೆಯೂ ಇಲ್ಲದಿದ್ದ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಮಾರ್ಗಸೂಚಿ ರೂಪಿಸಿದ್ದೂ ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣಾ ಒಪ್ಪಂದವನ್ನು ಆಧರಿಸಿಯೇ. ಅದಕ್ಕೆ ಕಾಯ್ದೆ ಬಂದದ್ದು 2013ರಲ್ಲಿ.

ಇನ್ನೊಂದು ವಿಷಯ ಇಡೀ ಜಿಲ್ಲೆಯದು. ತುಮಕೂರಿಗೆ ಬುಗುಡನಹಳ್ಳಿ ಕೆರೆಯ ಮೂಲಕ ಬರುವ ಹೇಮಾವತಿ ನೀರು ಕಾವೇರಿ ಕಣಿವೆಯ ನೀರು. ಆ ನೀರಿನ ಹಂಚಿಕೆಯನ್ನು ತೀರ್ಮಾನಿಸುವಾಗ ಕಾವೇರಿ ನ್ಯಾಯಮಂಡಳಿಯೂ 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೂ 1966ರ ಹೆಲ್ಸಿಂಕಿ ನಿಯಮಗಳನ್ನು ಪರಿಶೀಲಿಸಿದವು. ನದಿ ಹರಿಯುವ ಪ್ರದೇಶದವರೆಲ್ಲರಿಗೂ ನ್ಯಾಯೋಚಿತ ಪಾಲಿದೆ, ತನ್ನ ನೆಲದಲ್ಲಿ ಹರಿಯುವ ನೀರೆಲ್ಲ ತನ್ನದೆಂದು ಮೇಲಿನವರೂ ಹೇಳುವಂತಿಲ್ಲ, ಬಳಸಿ ಬಂದದ್ದೆಲ್ಲ ತನ್ನದೆಂದು ಕೆಳಗಿನವರೂ ಹೇಳುವಂತಿಲ್ಲ ಎಂಬುದು ಅವುಗಳ ಸಾರ. ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿದ್ದು ಆ ತೀರ್ಪಿನಲ್ಲಿ. ಹೆಲ್ಸಿಂಕಿ ನಿಯಮಗಳು ಒಪ್ಪಂದವೂ ಅಲ್ಲ, ವಿದ್ವಾಂಸರ ಒಂದು ಸಂಘ ರೂಪಿಸಿದ ಬರಹ ಅಷ್ಟೇ. ನೀವು ವಾದ ಮಾಡುವಾಗ ಇಂಥ ಬರಹಗಳಿಗೂ ತೂಕವಿದೆ ಎಂಬುದನ್ನು ಮರೆಯಬೇಡಿ.

ಮರುಪ್ರಶ್ನೆ (ಮೊದಲ ಪ್ರಶ್ನೆ ಕೇಳಿದ ವಿದ್ಯಾರ್ಥಿನಿ):

ಮೇಡಂ, ಧನ್ಯವಾದಗಳು. ಒಂದು ಪ್ರಶ್ನೆ ಉಳಿದಿದೆ. ಬೇಹುಗಾರಿಕೆಯ ಆರೋಪದ ಮೇಲೆ ಪಾಕಿಸ್ತಾನ ಬಂಧಿಸಿದ ಕುಲಭೂಷಣ್ ಜಾಧವ್ ಅವರ ಪ್ರಕರಣದಲ್ಲಿ ಭಾರತ ಗೆದ್ದಿತು ಎನ್ನುತ್ತಾರೆ, ಆದರೆ ತೀರ್ಪಿನ ಮೇಲೂ ಅವರು ಬಿಡುಗಡೆಯಾಗಲಿಲ್ಲ. ಆ ಗೆಲುವಿಗೆ ಏನು ಅರ್ಥ?

ಉತ್ತರ:

ತೀರ್ಪು ಏನು ಕೊಟ್ಟಿತೆಂಬುದನ್ನು ಮೊದಲು ಸರಿಯಾಗಿ ತಿಳಿಯಬೇಕು. ಪಾಕಿಸ್ತಾನದ ಸೈನಿಕ ನ್ಯಾಯಾಲಯ 2017ರ ಏಪ್ರಿಲ್‌ನಲ್ಲಿ ಅವರಿಗೆ ಮರಣದಂಡನೆ ವಿಧಿಸಿದ್ದು ಬಹಿರಂಗವಾದ ಮೇಲೆ, ಭಾರತ ಮೇ 8ರಂದು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಹತ್ತೇ ದಿನಗಳಲ್ಲಿ, ಅಂತಿಮ ತೀರ್ಪಿನವರೆಗೆ ಗಲ್ಲಿಗೇರಿಸಬಾರದೆಂಬ ಮಧ್ಯಂತರ ಆದೇಶ ಬಂತು, ಪಾಕಿಸ್ತಾನ ಅದನ್ನು ಪಾಲಿಸಿತು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ ಬಂಧಿತನನ್ನು ಕಾಣಲು ಅವನ ದೇಶದ ಅಧಿಕಾರಿಗಳಿಗೆ ಅವಕಾಶ ಕೊಡಬೇಕಿತ್ತು, ಪಾಕಿಸ್ತಾನ ಕೊಡದೆ ಒಪ್ಪಂದವನ್ನು ಉಲ್ಲಂಘಿಸಿತು ಎಂದು 2019ರ ಜುಲೈ 17ರಂದು ನ್ಯಾಯಾಲಯ 15–1ರಿಂದ ತೀರ್ಮಾನಿಸಿತು. ಶಿಕ್ಷೆಯನ್ನು ರದ್ದು ಮಾಡಿ ಬಿಡುಗಡೆಗೊಳಿಸಬೇಕೆಂಬ ಭಾರತದ ಕೋರಿಕೆಯನ್ನು ಒಪ್ಪಲಿಲ್ಲ. ತೀರ್ಪು ಮತ್ತು ಶಿಕ್ಷೆಯ ಪರಿಣಾಮಕಾರಿ ಮರುಪರಿಶೀಲನೆ ನಡೆಸಲು ಆದೇಶಿಸಿ, ಅದು ನಡೆಯುವವರೆಗೂ ತಡೆಯನ್ನು ಮುಂದುವರಿಸಿತು. ಅದಕ್ಕಾಗಿಯೇ ಪಾಕಿಸ್ತಾನ ಮೊದಲು ಸುಗ್ರೀವಾಜ್ಞೆ ಹೊರಡಿಸಿ, 2021ರಲ್ಲಿ ಸಂಸತ್ತಿನಲ್ಲಿ ಕಾಯ್ದೆ ಮಾಡಿ, ಹೈಕೋರ್ಟಿಗೆ ಮರುಪರಿಶೀಲನೆಯ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಿತು. ಕೊಟ್ಟ ಭೇಟಿಯ ಅವಕಾಶ ನಿರಾತಂಕವಾಗಿರಲಿಲ್ಲ, ಆ ಕಾಯ್ದೆಯಲ್ಲೂ ಲೋಪಗಳಿವೆ ಎಂದು ಭಾರತ ಆಕ್ಷೇಪಿಸಿದೆ. ಆ ಆಕ್ಷೇಪ ಸರಿಯೆಂದೇ ನನಗೂ ಅನ್ನಿಸುತ್ತದೆ, ಏಕೆಂದರೆ ಪರಿಣಾಮಕಾರಿ ಎಂಬ ಮಾತಿಗೆ ತಕ್ಕ ಮರುಪರಿಶೀಲನೆ ನಡೆಯಬೇಕಾದರೆ ಬಂಧಿತನು ತನ್ನ ವಕೀಲರೊಂದಿಗೆ ಭಯವಿಲ್ಲದೆ ಮಾತನಾಡುವಂತಿರಬೇಕು. ಆದರೆ ಎರಡೂ ದೇಶಗಳು ಇಂದು ಜಗಳವಾಡುತ್ತಿರುವುದು ಆ ತೀರ್ಪು ಪೂರ್ತಿ ಪಾಲನೆಯಾಯಿತೇ ಇಲ್ಲವೇ ಎಂಬುದರ ಬಗ್ಗೆಯೇ ಹೊರತು, ಅದು ತಮ್ಮನ್ನು ಕಟ್ಟುತ್ತದೆಯೇ ಎಂಬುದರ ಬಗ್ಗೆ ಅಲ್ಲ. ನಿಮ್ಮ ಕಾಲೇಜಿನ ಚರ್ಚೆ ಮುಂದುವರಿದರೆ ಈ ಪ್ರಕರಣದ ಮಧ್ಯಂತರ ಆದೇಶ ಮತ್ತು ಅಂತಿಮ ತೀರ್ಪು ಎರಡನ್ನೂ ಪೂರ್ತಿ ಓದಿಕೊಂಡು ಹೋಗಿ. ಎರಡೂ ಆ ನ್ಯಾಯಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.